ಖುಷಿಯ ಹಾಡಿಗೆ ಎಷ್ಟು ಮನೆ ಶ್ರುತಿ?

ನಮ್ಮ ಕಡೆ ನವೆಂಬರ್ ಒಂದನೇ ತಾರೀಖಿಗೆ ಶುರುವಾದ ರಾಜ್ಯೋತ್ಸವ ತಿಂಗಳು ಮುಗಿದರೂ ಮುಗಿಯುವುದಿಲ್ಲ. ಹುಣಸೂರಿನ ಆಟೋ ನಿಲ್ದಾಣದಲ್ಲಿ ಒಂದು ಸಂಜೆ, ಪಿರಿಯಾಪಟ್ಟಣದ ಯಾವುದೋ ಬೀದಿಯ ಯುವಕರ ಸಂಘದಲ್ಲಿ ಇನ್ನೊಂದು ಸಂಜೆ, ಆಮೇಲೆ ಕೆ.ಆರ್. ನಗರ, ಎಚ್.ಡಿ. ಕೋಟೆ. ಮೊದಲೆಲ್ಲ ರಸಮಂಜರಿ ಎಂದರೆ ಮೈಸೂರಿನಿಂದ ಆರ್ಕೆಸ್ಟ್ರಾ ಬರಬೇಕಿತ್ತು. ಕೀಬೋರ್ಡಿನವರು, ರಿದಂ ಪ್ಯಾಡಿನವರು, ತಬಲದವರು, ಗಾಯಕ, ಗಾಯಕಿ, ಇವರೆಲ್ಲರ ಊಟ, ವ್ಯಾನಿನ ಬಾಡಿಗೆ. ಈಗ ಮೈಕ್‌ಸೆಟ್ಟಿನವರ ಮಿಕ್ಸರಿಗೆ ಒಂದು ಮೊಬೈಲ್ ಸಿಕ್ಕಿಸಿದರೆ ಇಡೀ ವಾದ್ಯವೃಂದವೇ ಬಂದ ಹಾಗೆ. ಹಾಡುವವರು ಊರಿನವರೇ: ನಿವೃತ್ತ ಮೇಷ್ಟ್ರು, ಲೈನ್‌ಮನ್, ಅಂಗನವಾಡಿ ಟೀಚರು, ಅಂಗಡಿ ಬಾಗಿಲು ಹಾಕಿ ಬಂದ ಚಿಲ್ಲರೆ ವ್ಯಾಪಾರಿ. ಇದೇ ಕರೋಕೆ. ಗೃಹಪ್ರವೇಶ, ಹುಟ್ಟುಹಬ್ಬ, ಬೀಳ್ಕೊಡುಗೆ ಸಮಾರಂಭ, ಎಲ್ಲಕ್ಕೂ ಆಗುತ್ತದೆ.

ಹಾಡುವವರ ಉತ್ಸಾಹಕ್ಕೇನೂ ಕೊರತೆ ಇಲ್ಲ. ಆದರೂ ಎಷ್ಟೋ ಹಾಡುಗಳು ಪಲ್ಲವಿಯಲ್ಲಿ ಚೆನ್ನಾಗಿ ಎದ್ದು ಚರಣದಲ್ಲಿ ಕುಸಿದು ಬೀಳುತ್ತವೆ. ಗಂಟಲು ಚೆನ್ನಾಗಿಲ್ಲ ಎಂದು ಹಾಡಿದವರು ನೊಂದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಗಂಟಲಿನದಲ್ಲ, ಶ್ರುತಿಯದು. ಕೇಳಲು ಇಷ್ಟವಾಗುವ ಹಾಡು ಬೇರೆ, ನಮ್ಮ ಗಂಟಲಿಗೆ ಒಗ್ಗುವ ಹಾಡು ಬೇರೆ. ಉಲ್ಲಾಸದ ಹಾಡುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ದುಃಖದ ಹಾಡಿನಲ್ಲಿ ದನಿ ಸ್ವಲ್ಪ ನಡುಗಿದರೂ ಅದು ಭಾವ ಎಂದುಕೊಂಡು ಜನ ಸುಮ್ಮನಿರುತ್ತಾರೆ. ಖುಷಿಯ ಹಾಡಿನಲ್ಲಿ ಹಾಡುವವರು ತಿಣುಕಿದರೆ ಖುಷಿ ಅಲ್ಲಿಗೇ ಮುಗಿಯಿತು.

ಇದು ಕರೋಕೆ ಹುಟ್ಟಿದಾಗಲೇ ಗೊತ್ತಿದ್ದ ಸಂಗತಿ. ಜಪಾನಿನ ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು ದೈಸುಕೆ ಇನೊಉಎ. ಅವರ ಸಾಥ್ ಇದ್ದರೆ ಮಾತ್ರ ಹಾಡಲು ಬರುತ್ತಿದ್ದ ಒಂದು ಕಂಪನಿಯ ಯಜಮಾನ, ಪ್ರವಾಸಕ್ಕೂ ಜೊತೆಗೆ ಬನ್ನಿ ಎಂದು ಕರೆದ. ಹೋಗಲು ಆಗದ ಇನೊಉಎ, ಆತನಿಗೆ ಹಾಡಲು ಆಗುವ ಶ್ರುತಿಯಲ್ಲೇ, ಆತನಿಗೆ ಒಗ್ಗುವ ವೇಗದಲ್ಲೇ ಬರೀ ವಾದ್ಯ ನುಡಿಸಿ ಟೇಪ್ ಮಾಡಿ ಕಳಿಸಿದರು. 1971ರಲ್ಲಿ ಅದೇ ಉಪಾಯವನ್ನು ಕಾಸು ಹಾಕಿದರೆ ನುಡಿಯುವ ‘8 ಜೂಕ್’ ಯಂತ್ರವಾಗಿಸಿ ಬಾರುಗಳಿಗೆ ಬಾಡಿಗೆಗೆ ಕೊಟ್ಟರು. ಅದಕ್ಕೂ ಮೊದಲೇ, 1967ರಲ್ಲಿ, ಟೋಕಿಯೋದ ಶಿಗೆಇಚಿ ನೆಗಿಶಿ ಇಂಥದೇ ಒಂದು ಪೆಟ್ಟಿಗೆ ತಯಾರಿಸಿದ್ದರು. ಇನೊಉಎ ಪೇಟೆಂಟ್ ಮಾಡಿಸಲಿಲ್ಲ, ಹಾಗಾಗಿ ಕೋಟಿಗಟ್ಟಲೆ ಹಣ ಕೈತಪ್ಪಿತು. 2004ರಲ್ಲಿ ಅವರಿಗೆ ಸಿಕ್ಕಿದ್ದು ತಮಾಷೆಯ ಇಗ್ ನೊಬೆಲ್ ಶಾಂತಿ ಪ್ರಶಸ್ತಿ. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಹೊಸ ದಾರಿ ತೋರಿಸಿದ್ದಕ್ಕಂತೆ. ನಾವು ಇಲ್ಲಿ ನೆನಪಿಡಬೇಕಾದ್ದು ಆ ಟೇಪಿನ ವಿಷಯವನ್ನು. ಅದು ತಯಾರಾದದ್ದು ಒಬ್ಬ ಸಾಧಾರಣ ಹಾಡುಗಾರನ ಅಳತೆಗೆ. ಇವತ್ತು ನಾವು ಯೂಟ್ಯೂಬಿನಿಂದ ತೆಗೆದುಕೊಳ್ಳುವ ಟ್ರ್ಯಾಕ್ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಅಳತೆಯದು.

ಹಾಗಾದರೆ ನಮ್ಮ ಅಳತೆ ಕಂಡುಕೊಳ್ಳುವುದು ಹೇಗೆ? ಹಾರ್ಮೋನಿಯಂ ಬಲ್ಲವರು ಶ್ರುತಿಯನ್ನು ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಮನೆ ಎಂದರೆ ಕೀಬೋರ್ಡಿನವರ ಸಿ, ಒಂದೂವರೆ ಎಂದರೆ ಸಿ ಶಾರ್ಪ್, ಎರಡು ಎಂದರೆ ಡಿ, ಐದು ಎಂದರೆ ಜಿ. ಸಾಮಾನ್ಯವಾಗಿ ಗಂಡಸರು ಒಂದರಿಂದ ಎರಡು ಮನೆಯ ಆಸುಪಾಸಿನಲ್ಲಿ, ಹೆಂಗಸರು ಐದರ ಆಸುಪಾಸಿನಲ್ಲಿ ನೆಮ್ಮದಿಯಾಗಿ ಹಾಡುತ್ತಾರೆ. ಮೊಬೈಲಿನಲ್ಲಿ ಒಂದು ತಂಬೂರಿ ಆ್ಯಪ್ ಹಾಕಿಕೊಂಡು ಒಂದೊಂದೇ ಶ್ರುತಿ ಬದಲಿಸುತ್ತಾ ಸ, ಪ, ಮೇಲಿನ ಸ ಹಾಡಿ ನೋಡಿ. ಮೇಲಿನ ಸ ಹಿಡಿಯುವಾಗ ಗದ್ದ ಮೇಲೆ ಏಳಬಾರದು, ಕತ್ತಿನ ನರ ಬಿಗಿಯಬಾರದು. ಕೆಳಗಿನ ಸ ಗೊಗ್ಗರಾಗಬಾರದು. ಎರಡೂ ಸಲೀಸಾಗಿ ಬಂದ ಮನೆಯೇ ನಿಮ್ಮ ಮನೆ.

ಕರೋಕೆ ಆ್ಯಪುಗಳಲ್ಲಿ ಪಿಚ್ ಅಥವಾ ಕೀ ಎಂಬ ಗುಂಡಿ ಇರುತ್ತದೆ. ಪ್ಲಸ್ ಒಂದು ಒತ್ತಿದರೆ ಹಾರ್ಮೋನಿಯಂನ ಒಂದು ಮೆಟ್ಟಿಲು ಮೇಲೆ, ಅಂದರೆ ಒಂದು ಮನೆಯಿಂದ ಒಂದೂವರೆಗೆ. ಮೂರರಿಂದ ನಾಲ್ಕಕ್ಕೆ, ಏಳರಿಂದ ಮೇಲಿನ ಒಂದಕ್ಕೆ ಮಾತ್ರ ನಡುವೆ ಕಪ್ಪು ಮೆಟ್ಟಿಲಿಲ್ಲ, ಒಂದೇ ಹೆಜ್ಜೆ. ಎರಡು ಮೂರು ಮೆಟ್ಟಿಲು ಏರಿಸಿ ಇಳಿಸಿದರೆ ಟ್ರ್ಯಾಕ್ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಪಿಟೀಲು ಕೀರಲು, ತಬಲ ಡಬ್ಬ. ಗಂಡಸರು ಹಾಡಿದ ಹಾಡನ್ನು ಹೆಂಗಸರು ಎತ್ತಿಕೊಂಡಾಗ ಆಗುವ ತೊಂದರೆ ಇದೇ. ಮೂಲ ಒಂದೂವರೆ ಮನೆಯಲ್ಲಿದ್ದು ಹಾಡುವವರದು ಐದೂವರೆ ಆದರೆ ಏಳು ಮೆಟ್ಟಿಲು ಏರಿಸಬೇಕು, ಇಲ್ಲವೇ ಐದು ಮೆಟ್ಟಿಲು ಇಳಿಸಬೇಕು. ಎರಡೂ ದೂರವೇ. ಗುಂಡಿ ಒತ್ತುವ ಬದಲು ‘ಫೀಮೇಲ್ ಸ್ಕೇಲ್’ ಎಂದು ಹೆಸರಿಟ್ಟು ಹಾಕಿರುವ ಬೇರೆ ಟ್ರ್ಯಾಕ್ ಹುಡುಕುವುದು ಲೇಸು. ಯುಗಳಗೀತೆಗಂತೂ ಇಬ್ಬರಲ್ಲಿ ಒಬ್ಬರು ರಾಜಿಯಾಗಲೇಬೇಕು. ಪಲ್ಲವಿ ಯಾರದು ಹೆಚ್ಚೋ ಅವರ ಶ್ರುತಿಗೆ ಬಿಡಿ.

ಇನ್ನೊಂದು ಪರೀಕ್ಷೆ ಇದೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಹಾಡನ್ನು ಮೊದಲಿನಿಂದ ಅಭ್ಯಾಸ ಮಾಡಬೇಡಿ. ಅದರ ತುತ್ತತುದಿಯ ಸ್ವರ ಎಲ್ಲಿದೆ ಎಂದು ಹುಡುಕಿ, ಸಾಮಾನ್ಯವಾಗಿ ಚರಣದ ಮಧ್ಯದಲ್ಲೋ ಕೊನೆಯಲ್ಲೋ ಇರುತ್ತದೆ. ಆ ಸಾಲನ್ನಷ್ಟೇ ನಿಂತುಕೊಂಡು ಮೂರು ಸಲ ಹಾಡಿ. ಮೂರನೆಯ ಸಲವೂ ಮೊದಲ ಸಲದಷ್ಟೇ ಸಲೀಸಾಗಿ ಬಂದರೆ ಆ ಹಾಡು ನಿಮ್ಮದು. ಹಂಸಲೇಖ ಅವರು ‘ಆಕಸ್ಮಿಕ’ (1993) ಚಿತ್ರಕ್ಕೆ ಬರೆದು ಸ್ವರ ಹಾಕಿ, ಡಾ. ರಾಜ್‌ಕುಮಾರ್ ಹಾಡಿದ ‘ಹುಟ್ಟಿದರೆ ಕನ್ನಡ ನಾಡಲ್ಲಿ’ ಹಾಡನ್ನು ನವೆಂಬರಿನಲ್ಲಿ ಹಾಡದ ವೇದಿಕೆ ಇಲ್ಲ. ಈ ಪರೀಕ್ಷೆ ಮಾಡಿಕೊಳ್ಳದೆ ಅದಕ್ಕೆ ಕೈಹಾಕಿ ಕೆಂಪಾದ ಮುಖಗಳಿಗೂ ಲೆಕ್ಕವಿಲ್ಲ. ಅಣ್ಣಾವ್ರ ಗಂಟಲು ಅಣ್ಣಾವ್ರದೇ. ಎರಡು ಮೆಟ್ಟಿಲು ಇಳಿಸಿ ಹಾಡಿದರೆ ಅಭಿಮಾನವೇನೂ ಕಡಿಮೆಯಾಗುವುದಿಲ್ಲ.

ಹೊಗೆಸೊಪ್ಪು ಬೆಳೆಯುವ ನಮ್ಮ ತಾಲ್ಲೂಕುಗಳಿಗೆ ಒಂದು ಮಾತು ಹೆಚ್ಚುವರಿಯಾಗಿ ಹೇಳಬೇಕು. ಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಮುಂದೆ ಸೌದೆ ಒಡ್ಡುತ್ತಾ ರಾತ್ರಿಯೆಲ್ಲ ಎಚ್ಚರ ಇರುವವರ ಗಂಟಲು ಹೊಗೆ ಕುಡಿದು ಒಣಗಿರುತ್ತದೆ. ಮರುದಿನ ಆ ಗಂಟಲಿನಿಂದ ತಾರಕ ಸ್ವರ ಕೇಳಬೇಡಿ, ಬಿಸಿನೀರು ಕುಡಿದು ಮಂದ್ರದ ಹಾಡು ಆರಿಸಿಕೊಳ್ಳಿ.

ಮಂದ್ರದಲ್ಲೂ ಉಲ್ಲಾಸದ ಹಾಡು ಇದೆಯೇ ಎಂದರೆ, ಧಾರಾಳವಾಗಿ ಇದೆ. ಅದರಲ್ಲೂ ಒಳ್ಳೆಯದೊಂದನ್ನು ಬರೆದವರು ಹುಣಸೂರಿನವರೇ. ‘ಬಂಗಾರದ ಮನುಷ್ಯ’ (1972) ಚಿತ್ರದ ‘ನಗುನಗುತಾ ನಲಿ’ ಹುಣಸೂರು ಕೃಷ್ಣಮೂರ್ತಿಯವರ ರಚನೆ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ಪಿ.ಬಿ. ಶ್ರೀನಿವಾಸ್ ತಮ್ಮ ಎಂದಿನ ಮೆಲುದನಿಯಲ್ಲಿ, ಎಲ್ಲೂ ಕೂಗದೆ ಹಾಡಿದ್ದಾರೆ. ಮೈಕ್ ಹಿಡಿದು ಅಭ್ಯಾಸವಿಲ್ಲದ ಗಂಡಸರಿಗೆ ನಾನು ಮೊದಲು ಹೇಳುವ ಹಾಡು ಇದು. ಮಾತಾಡುವ ದನಿಯಲ್ಲೇ ಹಾಡಬಹುದು, ಉಸಿರು ತೆಗೆದುಕೊಳ್ಳಲು ಜಾಗ ಇದೆ, ಮುಖದಲ್ಲಿ ನಗು ಉಳಿಯುತ್ತದೆ. ಅದೇ ಚಿತ್ರದ ‘ಆಗದು ಎಂದು’ ಇನ್ನೊಂದು ಬಗೆಯದು. ಆರ್.ಎನ್. ಜಯಗೋಪಾಲ್ ಬರೆದ ಆ ಹಾಡಿನಲ್ಲಿ ಕನ್ನಂಬಾಡಿಯ ಪ್ರಸ್ತಾಪವಿದೆ. ಕಟ್ಟೆಯ ಹಿನ್ನೀರನ್ನು ದಿನಾ ನೋಡುವ ಕೆ.ಆರ್. ನಗರದ ಕಡೆಯವರು ಅದನ್ನು ಹಾಡಿದರೆ ಸಭೆಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೂ ಹೊಂದುತ್ತದೆ. ಹುಣಸೂರು ಕೃಷ್ಣಮೂರ್ತಿಯವರದೇ ಇನ್ನೊಂದು, ಅವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ (1965) ಚಿತ್ರದ ‘ಕುಲದಲ್ಲಿ ಕೀಳ್ಯಾವುದೋ’. ಘಂಟಸಾಲ ಹಾಡಿದ್ದು. ಅದು ಕುಣಿತದ ಹಾಡು, ಮಧ್ಯೆ ಸ್ವರ ಜಾರಿದರೂ ಕುಣಿಯುವವರು ಕ್ಷಮಿಸುತ್ತಾರೆ. ಹೇಳುವ ವಿಷಯ ಮಾತ್ರ ಕುಣಿತಕ್ಕಿಂತ ಗಟ್ಟಿಯದು.

ಪಿರಿಯಾಪಟ್ಟಣ ತಾಲ್ಲೂಕಿನವರು ನಮ್ಮ ಕಣಗಾಲಿನ ಪುಟ್ಟಣ್ಣನವರನ್ನು ಬಿಟ್ಟಿರಾ ಎಂದು ಮುನಿಸಿಕೊಳ್ಳಬಾರದು. ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳ ಹಾಡುಗಳು ಕೇಳಲು ಅಮೃತ. ಆದರೆ ಬಹುಪಾಲು ಹಾಡುಗಳಲ್ಲಿ ಕಥೆಯ ನೋವು ತುಂಬಿಕೊಂಡಿದೆ. ‘ಬಂಗಾರದ ಮನುಷ್ಯ’ ಬಂದ ವರ್ಷವೇ ಬಂದ ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಪ್ರೇಮಗೀತೆ ನಿಜ, ಆದರೆ ಎಳೆದೆಳೆದು ಹಾಡಬೇಕಾದ್ದು. ಉಸಿರು ಪಳಗಿದವರಿಗೆ ಬಿಡಿ.

ಹಾಡು ಆರಿಸುವಾಗ ಶ್ರುತಿಯಷ್ಟೇ ಮುಖ್ಯವಾದ ಇನ್ನೊಂದು ಲಕ್ಷಣ, ಎದುರು ಕೂತವರಿಗೆ ಅದರಲ್ಲಿ ಏನು ಕೆಲಸ ಇದೆ ಎಂಬುದು. ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಸಂಗೀತದಲ್ಲಿ ಎಸ್‌ಪಿಬಿ ಹಾಡಿದ ‘ಸಂತೋಷಕ್ಕೆ’ ನಾಲ್ಕು ದಶಕ ಕಳೆದರೂ ವೇದಿಕೆ ಬಿಟ್ಟಿಳಿದಿಲ್ಲ. ಶಂಕರ್‌ನಾಗ್ ನೆನಪು ಒಂದು ಕಾರಣ. ಇನ್ನೊಂದು ಕಾರಣ ಅದರ ಕಟ್ಟಡದಲ್ಲೇ ಇದೆ: ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಬರುತ್ತದೆ, ಎರಡನೆಯ ಸಲಕ್ಕೇ ಮಕ್ಕಳೂ ಸೇರಿಕೊಳ್ಳುತ್ತವೆ, ಚಪ್ಪಾಳೆಗೆ ತಾಳ ಸ್ಪಷ್ಟ. ಹಾಡುವವರಿಗೆ ಚರಣದಲ್ಲಿ ಉಸಿರು ಸಿಕ್ಕಿಹಾಕಿಕೊಂಡರೂ ಮುಂದಿನ ಪಲ್ಲವಿಗೆ ಸಭೆಯೇ ಎತ್ತಿ ನಿಲ್ಲಿಸುತ್ತದೆ. ಅದೇ ಚಿತ್ರದ ‘ಜೊತೆಯಲಿ’ ಹಾಡಿನಲ್ಲಿ ಎಸ್. ಜಾನಕಿಯವರ ಪಾಲನ್ನು ಹಾಡಲು ಧೈರ್ಯವಿರುವವರು ಸಿಕ್ಕರೆ ಅದೂ ಗೆಲ್ಲುತ್ತದೆ. ಹಾಗಾಗಿ ಪಟ್ಟಿ ಮಾಡುವಾಗ ಮೊದಲ ಹಾಡು, ಊಟಕ್ಕೆ ಮುಂಚಿನ ಹಾಡು, ಕೊನೆಯ ಹಾಡು, ಈ ಮೂರನ್ನಾದರೂ ಸಭೆ ಸೇರಿಕೊಳ್ಳುವಂಥದ್ದೇ ಇಡಿ. ನಡುವೆ ಯಾರು ಬೇಕಾದರೂ ತಮ್ಮ ರಾಗದ ಆಸೆ ತೀರಿಸಿಕೊಳ್ಳಲಿ.

ಟ್ರ್ಯಾಕ್ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದನ್ನು ಆರಿಸುವುದು ಸುಲಭ. ಹಾಡಿನಿಂದ ಗಾಯಕರ ದನಿ ತೆಗೆಯುವ ಹಳೆಯ ಉಪಾಯವೊಂದಿದೆ. ಸ್ಟೀರಿಯೋ ಧ್ವನಿಮುದ್ರಣದಲ್ಲಿ ವಾದ್ಯಗಳು ಎಡಕ್ಕೂ ಬಲಕ್ಕೂ ಹಂಚಿಹೋಗಿ, ಗಾಯಕರ ದನಿ ಮಾತ್ರ ಎರಡೂ ಕಡೆ ಸಮನಾಗಿರುತ್ತದೆ. ಎಡದಿಂದ ಬಲವನ್ನು ಕಳೆದರೆ ಸಮನಾಗಿರುವುದು ಅಳಿಸಿಹೋಗಿ ವಾದ್ಯ ಉಳಿಯುತ್ತದೆ. ಆದರೆ ಅರವತ್ತು, ಎಪ್ಪತ್ತರ ದಶಕದ ನಮ್ಮ ಬಹುತೇಕ ಸಿನಿಮಾ ಹಾಡುಗಳು ಮೋನೋ. ಎಡ ಬಲ ಎರಡೂ ಒಂದೇ. ಕಳೆದರೆ ಉಳಿಯುವುದು ಸೊನ್ನೆ! ಅದಕ್ಕೇ ಪಿ.ಬಿ. ಶ್ರೀನಿವಾಸ್ ಅವರ ಹಾಡುಗಳಿಗೆ ಕೀಬೋರ್ಡಿನಲ್ಲಿ ಹೊಸದಾಗಿ ನುಡಿಸಿ ಕಟ್ಟಿದ ಟ್ರ್ಯಾಕುಗಳೇ ಬಹಳ ಕಾಲ ಗತಿಯಾಗಿದ್ದವು. ಈಗ ಕಂಪ್ಯೂಟರಿಗೆ ಮನುಷ್ಯರ ದನಿ ಯಾವುದು, ವಾದ್ಯ ಯಾವುದು ಎಂದು ಸಾವಿರಾರು ಹಾಡು ಕೇಳಿಸಿ ಕಲಿಸಿದ್ದಾರೆ. ಅದು ಮೋನೋ ಹಾಡನ್ನೂ ಬಿಡಿಸಿಕೊಡುತ್ತದೆ, ಕೊಳಲಿನ ತುದಿಯಲ್ಲೋ ಕೋರಸ್ಸಿನಲ್ಲೋ ಗಾಯಕರ ನೆರಳು ಸ್ವಲ್ಪ ಉಳಿಯಬಹುದು. ಹಳೆಯ ಹಾಡಿನ ಮೂಲ ಸೊಗಸು ಬೇಕೆಂದರೆ ಇದು, ತಾಳ ಗಟ್ಟಿಯಾಗಿ ಕೇಳಬೇಕೆಂದರೆ ಹೊಸದಾಗಿ ನುಡಿಸಿದ್ದು. ಪರದೆಯ ಮೇಲೆ ಓಡುವ ಸಾಹಿತ್ಯವನ್ನು ಮಾತ್ರ ನಂಬಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ, ಲಕಾರ ಳಕಾರ ಒಂದೇ ಆಗಿರುತ್ತದೆ, ದೀರ್ಘ ಹಾರಿಹೋಗಿರುತ್ತದೆ. ಕೈಬರಹದಲ್ಲಿ ಕನ್ನಡದಲ್ಲೇ ಬರೆದುಕೊಂಡು, ಉಸಿರು ತೆಗೆದುಕೊಳ್ಳುವ ಕಡೆ ಒಂದು ಗೆರೆ ಎಳೆದುಕೊಳ್ಳಿ.

ಇನ್ನು ಮೈಕ್‌ಸೆಟ್ಟು. ಮೊಬೈಲನ್ನು ಮಿಕ್ಸರಿಗೆ ವೈರಿನಲ್ಲೇ ಸೇರಿಸಿ, ಬ್ಲೂಟೂತ್ ಬೇಡ. ಬ್ಲೂಟೂತ್ ಸ್ಪೀಕರಿನಲ್ಲಿ ಶಬ್ದ ಹೊರಬರುವುದು ಸೆಕೆಂಡಿನ ಹತ್ತನೇ ಒಂದು ಭಾಗವೋ ಇನ್ನೂ ಹೆಚ್ಚೋ ತಡವಾಗಿ. ಮೈಕಿನ ದನಿಯೂ ಅದರಲ್ಲೇ ಹೋಗುತ್ತಿದ್ದರೆ ನಿಮ್ಮ ಹಾಡು ನಿಮಗೇ ಹಿಂದಿನಿಂದ ಬಂದು ಎಡವಿಸುತ್ತದೆ. ಮೈದಾನದಲ್ಲಿ ಇದೇ ತೊಂದರೆ ಇನ್ನೊಂದು ದಾರಿಯಲ್ಲಿ ಬರುತ್ತದೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸ್ಪೀಕರ್ ಬಾಕ್ಸುಗಳನ್ನು ವೇದಿಕೆಯಿಂದ 34 ಮೀಟರ್ ದೂರದಲ್ಲಿ ಇಟ್ಟರೆ ತಾಳ ನಿಮ್ಮ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ, ನೀವು ಅದಕ್ಕೆ ಸೇರಿಸಿ ಹಾಡಿದರೆ ಕೇಳುವವರಿಗೆ ತಾಳ ತಪ್ಪಿದಂತೆ ಕೇಳುತ್ತದೆ. ಹಾಡುವವರ ಕಾಲ ಬುಡದಲ್ಲಿ, ಅವರ ಕಡೆ ಮುಖ ಮಾಡಿ ಒಂದು ಚಿಕ್ಕ ಸ್ಪೀಕರ್ ಇಡಿಸಿ. ಮೈಕ್ ಕುಂಯ್ ಎನ್ನುವುದು ಸ್ಪೀಕರಿನ ಶಬ್ದವೇ ಮತ್ತೆ ಮೈಕಿಗೆ ಹೋಗಿ ಸುತ್ತತೊಡಗಿದಾಗ. ದೊಡ್ಡ ಬಾಕ್ಸುಗಳ ಮುಂದೆ ಮೈಕ್ ಹಿಡಿದು ಓಡಾಡಬಾರದು, ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬಾರದು. ಸಿನಿಮಾದಲ್ಲಿ ನೋಡಿ ಹುಡುಗರು ಕಲಿತ ಈ ಹಿಡಿತವೇ ಅರ್ಧ ಕೂಗಾಟಕ್ಕೆ ಕಾರಣ. ತುಟಿಯಿಂದ ಎರಡು ಮೂರು ಬೆರಳು ದೂರ, ತಾರಕಕ್ಕೆ ಹೋದಾಗ ಇನ್ನೊಂದಿಷ್ಟು ದೂರ. ಎಕೋ ಜಾಸ್ತಿ ಕೊಡಿ ಎಂದು ಎಲ್ಲರೂ ಕೇಳುತ್ತಾರೆ. ಕೊಟ್ಟರೆ ವೇಗದ ಹಾಡಿನಲ್ಲಿ ಒಂದು ಪದ ಇನ್ನೊಂದರ ಮೇಲೆ ಬಿದ್ದು ಸಾಹಿತ್ಯ ಅಂಬಲಿಯಾಗುತ್ತದೆ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬೇಡಿ, ಚರಣದ ಮಧ್ಯೆ ಮಾವನ ಫೋನ್ ಬಂದರೆ ಇಡೀ ಊರಿಗೆ ರಿಂಗ್‌ಟೋನ್ ಕೇಳುತ್ತದೆ.

ಅನುಮತಿಯ ವಿಷಯ ಚುಟುಕಾಗಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ಹಬ್ಬ ಹುಣ್ಣಿಮೆಗೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ನಿಯಮ ಏನೇ ಇರಲಿ, ಕತ್ತಲಾದ ಮೇಲೆ ಬಾಕ್ಸು ಬೇಡ ಎಂಬುದು ನನ್ನ ಅಭಿಪ್ರಾಯ. ಕೋಣೆಯೊಳಗೆ ಚಿಕ್ಕ ಸ್ಪೀಕರಿನಲ್ಲಿ ಹಾಡಿಕೊಳ್ಳಬಹುದು, ಕಾಡಿನವುಗಳಿಗೆ ಅವುಗಳ ರಾತ್ರಿ ಇರಲಿ. ಹಕ್ಕುಸ್ವಾಮ್ಯ ಕಾಯ್ದೆಯು ಮದುವೆಯ ಸಂಭ್ರಮಕ್ಕೂ, ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘದವರು ಹಾಡುವುದಕ್ಕೂ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟರೆ ಲೆಕ್ಕ ಬೇರೆ, ಪರವಾನಗಿ ಪಡೆಯಬೇಕು.

ಕರೋಕೆ ಹುಟ್ಟಿದ ನಾಡಿನ ಹಾಡನ್ನೇ ಹಾಡಬೇಕು ಎನ್ನುವ ಹುಡುಗರು ಈಗ ಹುಣಸೂರಿನಲ್ಲೂ ಸಿಗುತ್ತಾರೆ. ಜಪಾನಿನ ‘ನರುಟೊ’ ಕಾರ್ಟೂನ್ ಸರಣಿ ನೋಡಿ ಬೆಳೆದವರು. ಹಿರಿಯರು ಇದೇನಪ್ಪ ಎಂದು ಹುಬ್ಬೇರಿಸುವ ಅಗತ್ಯವಿಲ್ಲ, ಜಪಾನಿ ಹಾಡು ಕನ್ನಡದ ನಾಲಿಗೆಗೆ ಇಂಗ್ಲಿಷ್ ಹಾಡಿಗಿಂತ ಸುಲಭ. ಆ ಭಾಷೆಯ ಸ್ವರಗಳು ಐದೇ, ನಮ್ಮ ಅ ಇ ಉ ಎ ಒ. ಹ್ರಸ್ವ ದೀರ್ಘದ ಭೇದ ನಮ್ಮಂತೆಯೇ ಖಡಾಖಂಡಿತ. ಒತ್ತಕ್ಷರ ಇದೆ, ಸೊನ್ನೆ ಇದೆ. ಇನ್ನೂ ಸೋಜಿಗವೆಂದರೆ ಲೆಕ್ಕವೂ ನಮ್ಮ ಮಾತ್ರೆಯ ಲೆಕ್ಕವೇ. ಅರಿಗತೋ ಎಂಬ ಪದವನ್ನು ಜಪಾನೀಯರು ಐದು ಎಣಿಕೆಯಾಗಿ ಹಾಡುತ್ತಾರೆ. ನಮ್ಮ ಲಘು ಗುರು ಹಾಕಿ ನೋಡಿ, ಮೂರು ಲಘು ಒಂದು ಗುರು, ಐದು ಮಾತ್ರೆ. ಗಂಬತ್ತೆ ಎಂಬುದಕ್ಕೂ ಅಲ್ಲಿ ಐದು, ಇಲ್ಲಿ ಎರಡು ಗುರು ಒಂದು ಲಘು, ಐದೇ. ಹಾಗಾಗಿ ಪರದೆಯ ಮೇಲಿನ ರೋಮನ್ ಅಕ್ಷರ ಬಿಟ್ಟು ಕನ್ನಡದಲ್ಲಿ ಬರೆದುಕೊಂಡರೆ ತಾಳ ತಾನಾಗಿ ಕೂರುತ್ತದೆ. ರೋಮನ್ನಿನ ಟಿ, ಡಿ ಕಂಡಾಗ ಟಕಾರ ಡಕಾರ ಬರೆಯದೆ ತಕಾರ ದಕಾರ ಬರೆಯಿರಿ. ಲಕಾರ ಇಲ್ಲ, ಎಲ್ಲ ರಕಾರ. ಮಹಾಪ್ರಾಣದ ಕಾಟವೂ ಇಲ್ಲ.

ರಾಗವೂ ಅಷ್ಟೇನೂ ಪರಕೀಯವಲ್ಲ. ಎಷ್ಟೋ ಜಪಾನಿ ಹಾಡುಗಳು ಯೊನಾನುಕಿ ಎಂಬ ಐದು ಸ್ವರಗಳ ಶ್ರೇಣಿಯ ಸುತ್ತ ಸುಳಿಯುತ್ತವೆ. ನಾಲ್ಕನೆಯದನ್ನೂ ಏಳನೆಯದನ್ನೂ ಬಿಟ್ಟರೆ ಉಳಿಯುವ ಸ ರಿ ಗ ಪ ದ, ಅಂದರೆ ನಮ್ಮ ಮೋಹನ. ಸಂಗೀತ ಪಾಠಕ್ಕೆ ಹೋಗಿ ಮೋಹನದ ಗೀತೆ ಕಲಿತ ಮಕ್ಕಳಿಗೆ ಈ ದಾರಿ ಗೊತ್ತಿರುವಂಥದೇ.

ಯಾವುದನ್ನು ಹಾಡುವುದು? ಇಕಿಮೊನೊ ಗಕಾರಿ ತಂಡದ ‘ಬ್ಲೂ ಬರ್ಡ್’ (2008) ‘ನರುಟೊ’ ನೋಡಿದವರಿಗೆಲ್ಲ ಬಾಯಿಪಾಠ. ಆದರೆ ಅದು ಹೆಣ್ಣುದನಿಯ ಎತ್ತರದ ಹಾಡು, ಹುಡುಗರು ಮೂಲ ಶ್ರುತಿಯಲ್ಲಿ ಹಾಡಲು ಹೋಗಬಾರದು. ಜಾರ್ಡ್ ತಂಡದ ‘ಮಕೆನೈದೆ’ (1993) ಸೋಲಬೇಡ ಎಂದು ಬೆನ್ನು ತಟ್ಟುವ ಹಾಡು, ಅಲ್ಲಿನ ಟಿ.ವಿ.ಯ 24 ತಾಸಿನ ದತ್ತಿ ಕಾರ್ಯಕ್ರಮದಲ್ಲಿ ಮ್ಯಾರಥಾನ್ ಓಡುವವರನ್ನು ಹುರಿದುಂಬಿಸಲು ಹಾಡುತ್ತಾರೆ. ಎಕೆಬಿ48 ತಂಡದ ‘ಕೊಇಸುರು ಫಾರ್ಚ್ಯೂನ್ ಕುಕಿ’ (2013) ಬಂದಾಗ ಕಚೇರಿ ನೌಕರರೂ ಕೆಲಸದ ಜಾಗದಲ್ಲೇ ಅದರ ಸುಲಭದ ಹೆಜ್ಜೆ ಹಾಕಿ ವಿಡಿಯೋ ಮಾಡಿದ್ದರು. ಭಾಷೆ ಬಾರದವರೇ ತುಂಬಿದ ಸಭೆಗೆ ನನ್ನ ಓಟು ಬ್ಲೂ ಹಾರ್ಟ್ಸ್ ತಂಡದ ‘ಲಿಂದಾ ಲಿಂದಾ’ಕ್ಕೆ (1987). ಮೆಲ್ಲಗೆ ಶುರುವಾಗಿ ಒಮ್ಮೆಲೇ ಕುಣಿತಕ್ಕೆ ಬೀಳುತ್ತದೆ, ಆಮೇಲೆ ಪಲ್ಲವಿಯ ತುಂಬ ಅದೊಂದೇ ಹೆಸರು. 2005ರಲ್ಲಿ ಬಂದ ‘ಲಿಂದಾ ಲಿಂದಾ ಲಿಂದಾ’ ಎಂಬ ಜಪಾನಿ ಸಿನಿಮಾದ ಕಥೆಯಲ್ಲೂ ಅದನ್ನು ಹಾಡುವವಳು ಜಪಾನಿ ಸರಿಯಾಗಿ ಬಾರದ ಕೊರಿಯಾದ ವಿದ್ಯಾರ್ಥಿನಿ.

ದೊಡ್ಡವರಿಗೆ ಕ್ಯೂ ಸಕಮೊತೊ ಅವರ ‘ಉಎ ಒ ಮುಇತೆ ಅರುಕೋ’ (1961). ಎರಡು ವರ್ಷದ ಮೇಲೆ ‘ಸುಕಿಯಾಕಿ’ ಎಂಬ ಹೆಸರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಜಪಾನಿ ಹಾಡು. ಕಣ್ಣೀರು ಕೆಳಗೆ ಬೀಳದಿರಲೆಂದು ಮೇಲೆ ನೋಡುತ್ತಾ ನಡೆಯುವವನ ಹಾಡು, ಧಾಟಿ ಮಾತ್ರ ಸಂಜೆ ವಾಕಿಂಗ್ ಹೊರಟವರ ಹಾಗೆ ಹಗುರ. ವೇಗ ನಿಧಾನ, ಸಾಲುಗಳು ಚಿಕ್ಕವು, ಮೊದಲ ಸಲಕ್ಕೆ ಮೂಲದಲ್ಲೇ ಹಾಡಿ, ಬಿಗಿಯಾದರೆ ಎರಡು ಮೆಟ್ಟಿಲು ಇಳಿಸಿ. ಮಧ್ಯೆ ಸಕಮೊತೊ ಶಿಳ್ಳೆ ಹಾಕುತ್ತಾರೆ. ಪದ ಮರೆತವರು ಅದನ್ನು ಸ್ವಲ್ಪ ಬೇಗನೆ ಶುರು ಮಾಡಿದರೂ ನಮ್ಮ ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.